ಒಣಬೇವು ಮತ್ತು ದೊಡ್ಡ ಪಂಜಾ

ಶಹಾಪುರದ ಅಂಚಿನಲ್ಲಿರುವ ಅಣ್ಣನ ಮನೆಯ ಹೊಸ್ತಿಲ ಮುಂದೆ, ಸಿಮೆಂಟಿನಲ್ಲಿ ಹೂತು ನಿಲ್ಲಿಸಿದ ಕಬ್ಬಿಣದ ಐದು ಹಲ್ಲುಗಳಿವೆ. ಮಳೆಗಾಲದಲ್ಲಿ, ಇಲ್ಲವೆ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ, ಹೊಲದಿಂದ ಬಂದವರು ಅದಕ್ಕೆ ಚಪ್ಪಲಿ ತಿಕ್ಕಿ ಎರೆಮಣ್ಣು ಉದುರಿಸಿ ಒಳಗೆ ಹೋಗುತ್ತಾರೆ. ಅದೇನೆಂದು ಯಾರೂ ಕೇಳುವುದಿಲ್ಲ. ಕೆಸರು ತಿಕ್ಕಲೆಂದೇ ಮಾಡಿಸಿದ್ದು ಎಂದುಕೊಳ್ಳುತ್ತಾರೆ. ಅದು ಮರ ಕೊಯ್ಯುವ ಮಷೀನಿನ ಒಂದು ಭಾಗ. ಅದರಿಂದಾಗಿ ಅಣ್ಣನ ಎಡಪಾದದ ಮುಂಭಾಗ ಹೋಯಿತು. ಅದನ್ನು ಅಂಗಡಿಯಲ್ಲಿ ಆರಿಸಿದವನು ನಾನು. ಹಾಗೆಂದು ನನಗೆ ನೆನಪಿದೆ. ಅಣ್ಣ ಅಲ್ಲ ಅನ್ನುತ್ತಾನೆ.

ಮಷೀನಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಚೈನು ಸುತ್ತುವ ಉದ್ದನೆಯ ಪಟ್ಟಿಗೆ ನಮ್ಮ ಕಡೆ ಬ್ಲೇಡು ಎನ್ನುತ್ತಾರೆ. ಆ ಬ್ಲೇಡು ಇಂಜಿನ್ನಿಗೆ ಸೇರುವ ಜಾಗದಲ್ಲಿ, ಇಂಜಿನ್ನಿನ ಮೂತಿಗೆ, ಎರಡು ಬೋಲ್ಟ್ ಹಾಕಿ ಕೂಡಿಸಿದ ದಪ್ಪ ತಗಡೊಂದು ಇರುತ್ತದೆ. ಅದರ ಅಂಚಿಗೆ ಹಲ್ಲುಗಳು. ಅಣ್ಣ ಅದಕ್ಕೆ ಪಂಜಾ ಅನ್ನುತ್ತಿದ್ದ. ಪಂಜಾವನ್ನು ಮರಕ್ಕೆ ಊರಿ ಹಿಂದಿನ ಹಿಡಿಕೆಯನ್ನು ಎತ್ತಿದರೆ ಬ್ಲೇಡು ತಾನಾಗಿ ಮರದೊಳಗೆ ಹೋಗುತ್ತದೆ. ಪಂಜಾ ಸರಿಯಾಗಿ ಊರದಿದ್ದರೆ ಇಡೀ ಮಷೀನನ್ನು ತೋಳಿನಿಂದಲೇ ಒತ್ತಿ ಹಿಡಿಯಬೇಕು.

ಕಾಲುವೆ ಬಂದ ಮೇಲೆ ನಮ್ಮ ಭಾಗದಲ್ಲಿ ಮರ ಕಡಿಯುವುದು ವರ್ಷವಿಡೀ ಇರುವ ಕೆಲಸವಾಯಿತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳನ್ನು ಭತ್ತಕ್ಕಾಗಿ ಮಟ್ಟ ಮಾಡುತ್ತಿದ್ದರು. ಬದುವಿನ ಮೇಲಿನ ಜಾಲಿ ಎಲ್ಲರಿಗೂ ಬೇಡವಾಗಿತ್ತು. ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಿಂದ ಗೋಗಿಯವರೆಗೆ ಎಲ್ಲಿ ನೋಡಿದರೂ ಜಾಲಿ ಕಿತ್ತ ತಗ್ಗುಗಳು. ಅಣ್ಣ ಕೊಡಲಿ ಬಿಟ್ಟು ಮಷೀನು ತಂದ. ಮೂರು ವರ್ಷ ಅದರ ಜೊತೆ ದುಡಿದ. ಆಮೇಲೆ ಅವನ ಕೈ ಜೋಮು ಹಿಡಿಯತೊಡಗಿತು. ಮಷೀನಿನ ನಡುಕ ಬೆರಳಿಗೆ ಇಳಿದು ಅಲ್ಲೇ ಉಳಿದುಬಿಟ್ಟಿತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಅತ್ತಿಗೆ ಹಾಕುತ್ತಿದ್ದಳು.

ನಾನು ಆಗ ಕಲಬುರಗಿಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಫಲಿತಾಂಶಕ್ಕೆ ಕಾಯುತ್ತ, ಅಲ್ಲೂ ಇಲ್ಲೂ ತಿರುಗುತ್ತಿದ್ದೆ. ಯಾದಗಿರಿಯಲ್ಲಿ ರೈಲಿಳಿದು ಶಹಾಪುರದ ಬಸ್ಸು ಹಿಡಿದು ಮನೆಗೆ ಬರುವುದು, ನಾಲ್ಕು ದಿನಕ್ಕೆ ಬೇಸರವಾಗಿ ವಾಪಸು ಹೋಗುವುದು. ಹಾಗೆ ಬಂದಿದ್ದ ಒಂದು ಸಲ, ಊಟಕ್ಕೆ ಕೂತಾಗ ಅತ್ತಿಗೆ ಅಣ್ಣನ ತಟ್ಟೆಗೆ ರೊಟ್ಟಿ ಹಾಕುತ್ತ ಅಂದಳು:

“ನೋಡಪ್ಪ ತಮ್ಮಾ, ನಿಮ್ಮಣ್ಣನ ಕೈಗಿ ಬಿಸಿ ರೊಟ್ಟಿ ಯಾವ್ದು, ತಂಗಳ್ ರೊಟ್ಟಿ ಯಾವ್ದು ತಿಳಿವಲ್ದು. ನನಗೂ ಆರಾಮಾಯ್ತು. ನಾಳಿಂದ ತಂಗಳಾ ಹಾಕ್ತೀನಿ.”

“ಬಾಯಿಗಿ ತಿಳೀತದ,” ಅಂದ ಅಣ್ಣ. “ಬಾಯಿ ಇನ್ನಾ ಜೋಮು ಹಿಡಿದಿಲ್ಲ.”

“ಹಿಡಿದ್ರ ಛಲೋ ಇತ್ತು.”

ಮೂವರೂ ನಕ್ಕೆವು. ಆಮೇಲೆ ಅಣ್ಣ ಬಲಗೈಯನ್ನು ತೊಡೆಯ ಮೇಲಿಟ್ಟು ಎಡಗೈಯಿಂದ ತಿಕ್ಕುತ್ತ ಕೂತ. ಪಂಜಾದ ಹಲ್ಲು ಸವೆದಿವೆ, ಮರವನ್ನು ಹಿಡಿಯುತ್ತಿಲ್ಲ, ಅದಕ್ಕೇ ಕೈಯಿಂದ ಒತ್ತಬೇಕಾಗಿದೆ ಎಂದು ಅವನು ಹೇಳಿದ್ದು ಆವತ್ತೇ. ಇದರಲ್ಲಿ ಅನುಮಾನವಿಲ್ಲ. ಈ ಊಟದ ಮಾತು ಅತ್ತಿಗೆಗೂ ಅಣ್ಣನಿಗೂ ನೆನಪಿದೆ. ಮೂವರೂ ಒಂದೇ ರೀತಿ ಹೇಳುತ್ತೇವೆ.

ಇನ್ನು ಮುಂದಿನದು ನನ್ನೊಬ್ಬನ ನೆನಪು.

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿ. ಪಂಪು, ಪೈಪು, ಸ್ಪ್ರೇಯರು ಮಾರುವ ಅಂಗಡಿ. ಕಟ್ಟೆಯ ಮೇಲೆ ಉರ್ದು ಪೇಪರು ಹಾಸಿ ಅಂಗಡಿಯವನು ಎರಡು ಪಂಜಾ ಇಟ್ಟಿದ್ದಾನೆ. ಒಂದು ಅಣ್ಣನ ಮಷೀನಿನದೇ, ಮೂರು ಹಲ್ಲು, ಹೆಬ್ಬೆರಳಿನ ಉಗುರಿನಷ್ಟು ಉದ್ದ. ಇನ್ನೊಂದು ದೊಡ್ಡ ಮಷೀನಿನದು, ಐದು ಹಲ್ಲು, ಒಂದೊಂದೂ ತೋರುಬೆರಳಿನ ಎರಡು ಗೆಣ್ಣಿನಷ್ಟು.

“ಇದು ನಿಮ್ಮ ಮಷೀನಿಗಿ ಅಲ್ರಿ ಅಣ್ಣಾರ,” ಅನ್ನುತ್ತಾನೆ ಅಂಗಡಿಯವನು. “ಹೋರಿ ಕೋಡಿಗಿ ಹಾಕೋ ಕೋಡಣಸು ಆಡಿಗಿ ಹಾಕಿದಂಗ ಆಗ್ತದ.”

“ಆಡು ಹಾಯಬ್ಯಾಡ ಅಂತ ಅದನೇನು?” ಅನ್ನುತ್ತಾನೆ ಅಣ್ಣ.

“ಬೋಲ್ಟಿನ ತೂತು ಸುದ್ದ ಕೂಡಂಗಿಲ್ರಿ.”

“ತೂತಿಗಿ ಕಾನಸು ಹಾಕಿ ತಿಕ್ಕಿದ್ರ ಕೂಡ್ತಾವ.”

ಅಣ್ಣ ನನ್ನ ಕಡೆ ತಿರುಗುತ್ತಾನೆ. “ನೀ ಹೇಳಪ್ಪ, ಓದಿದಾಂವ.”

ನಾನು ರಟ್ಟಿನ ಡಬ್ಬಿಯೊಂದರ ಮೇಲೆ ಪೆನ್ನಿನಿಂದ ಗೆರೆ ಎಳೆದು ತೋರಿಸುತ್ತೇನೆ. ಇದು ಹಿಡಿಕೆ, ಇದು ಬ್ಲೇಡು, ಇದು ಪಂಜಾ ಊರುವ ಆನಿಕೆ. ಆನಿಕೆ ಜಾರಿದರೆ ಸನ್ನೆಗೋಲು ಕೆಲಸ ಮಾಡುವುದಿಲ್ಲ. ಹಲ್ಲು ಎಷ್ಟು ಆಳಕ್ಕೆ ಹೋಗುತ್ತದೆಯೋ ಅಷ್ಟು ಗಟ್ಟಿಯಾಗಿ ನಿಲ್ಲುತ್ತದೆ, ಕೈಗೆ ಅಷ್ಟು ಹಗುರ. ದೊಡ್ಡದೇ ಇರಲಿ.

ಇದು ನನ್ನ ನೆನಪು. ಪೇಪರಿನ ಅಕ್ಷರದ ಮೇಲೆ ಬಿದ್ದ ಎಣ್ಣೆಯ ಕಲೆ ಕೂಡ ಕಣ್ಣಿಗೆ ಕಟ್ಟಿದೆ. ಅಣ್ಣನ ಪ್ರಕಾರ ಪಂಜಾ ತಂದದ್ದು ಶಹಾಪುರದಲ್ಲಲ್ಲ, ಸುರಪುರದಲ್ಲಿ. ಅಲ್ಲಿಗೆ ಏನೋ ಕಾಗದದ ಕೆಲಸಕ್ಕೆ ಒಬ್ಬನೇ ಹೋಗಿದ್ದ, ಬರುವಾಗ ತಂದ. ನಾನು ಊರಿಗೆ ಬಂದದ್ದು ಅದಾಗಿ ಎರಡು ದಿನಕ್ಕೆ. ನಾನು ಬಂದಾಗ ಅವನು ಅಂಗಳದಲ್ಲಿ ಕೂತು ಬೋಲ್ಟಿನ ತೂತು ದೊಡ್ಡದು ಮಾಡಲು ಕಾನಸು, ಅಂದರೆ ಅರ, ಹಾಕುತ್ತಿದ್ದ, ಪಂಜಾ ಜಾರದಂತೆ ಕಾಲಿನಿಂದ ಒತ್ತಿ ಹಿಡಿದವನು ನಾನು. ಕಾಲಿನಿಂದ ಒತ್ತಿ ಹಿಡಿದದ್ದು ನನಗೂ ನೆನಪಿದೆ. ಕಬ್ಬಿಣದ ಪುಡಿ ಅಂಗಾಲಿಗೆ ಮೆತ್ತಿತ್ತು. ಆದರೆ ಅದರ ಹಿಂದಿನ ಎರಡು ದಿನ ನಾನು ಎಲ್ಲಿದ್ದೆ ಎನ್ನುವುದಕ್ಕೆ ನನ್ನ ಹತ್ತಿರ ಯಾವ ಗುರುತೂ ಇಲ್ಲ.

ಆರಿಸಿದವರು ಯಾರೇ ಇರಲಿ, ಮೊದಲ ತಿಂಗಳು ದೊಡ್ಡ ಪಂಜಾ ಚೆನ್ನಾಗಿಯೇ ಕೆಲಸ ಮಾಡಿತು. ಹಸಿ ಜಾಲಿಯ ತೊಗಟೆಯಲ್ಲಿ ಐದೂ ಹಲ್ಲು ಬುಡದವರೆಗೆ ಮುಳುಗುತ್ತಿದ್ದವು. ಅಣ್ಣ ಹಿಡಿಕೆಯನ್ನು ಸುಮ್ಮನೆ ಎತ್ತುತ್ತಿದ್ದ, ಬ್ಲೇಡು ಒಳಗೆ ಹೋಗುತ್ತಿತ್ತು. ಸಂಜೆ ಬಂದು ಕೈ ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದ. ಒಂದು ದಿನ ಅಂಗಿಯ ಮೇಲಿನ ಎರಡು ಗುಂಡಿ ತಾನೇ ಹಾಕಿಕೊಂಡ. ಉಳಿದವನ್ನು ಅತ್ತಿಗೆ ಹಾಕಿದಳು.

ಆ ಹೊತ್ತಿಗೆ ಬೇವಿನ ಮರಗಳು ಒಣಗತೊಡಗಿದ್ದವು. ಕಾಲುವೆಯ ಕೆಳಗಿನ ಹೊಲಗಳಲ್ಲಿ ನೀರು ಜಿನುಗಿ ಜಿನುಗಿ ನೆಲ ಜವುಳಾಗಿತ್ತು. ಬೇವಿನ ಬೇರಿಗೆ ನಿಂತ ನೀರು ಆಗುವುದಿಲ್ಲ. ಬೇಸಿಗೆಯಲ್ಲಿ ಸಾಯದೆ ನಿಂತಿದ್ದ ಮರಗಳು ನೀರು ಬಂದ ಮೇಲೆ ಸತ್ತವು. ಗೋಗಿಯ ದಾರಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಹೊಲವಿತ್ತು. ಅವರ ಬದುವಿನ ಮೇಲೆ ಅಂಥದೇ ಒಂದು ಒಣಬೇವು ನಿಂತಿತ್ತು. ಪಕ್ಕದಲ್ಲೇ ಹೊಲಗಾಲುವೆ, ಮರ ಬಿದ್ದರೆ ಅದರೊಳಗೇ. ಕಾಲುವೆಯ ನೀರನ್ನು ಸರದಿ ಪ್ರಕಾರ ಕೆಲವು ದಿನ ಬಿಡುತ್ತಾರೆ, ಕೆಲವು ದಿನ ಕಟ್ಟುತ್ತಾರೆ. ಕಟ್ಟಿದ ದಿನಗಳಲ್ಲಿ ಮರ ಉರುಳಿಸಿ, ತುಂಡು ಮಾಡಿ, ಹೊಲಗಾಲುವೆ ಖಾಲಿ ಮಾಡಬೇಕು. ಮಾಸ್ತರರು ಕೊನೆಯ ದಿನ ಹೇಳಿಕಳಿಸಿದರು.

ನಾನೂ ಜೊತೆಗೆ ಹೋದೆ. ಇದು ಖಚಿತ. ಮಾಸ್ತರರು ಛತ್ರಿ ಹಿಡಿದು ಬದುವಿನ ಮೇಲೆ ನಿಂತಿದ್ದರು.

“ಇವತ್ತ ಆಗ್ತದೇನಪ್ಪಾ? ಮಧ್ಯಾಹ್ನ ನೀರ್ ಬಿಡ್ತಾರ.”

“ಆಗ್ತದ್ರಿ ಮಾಸ್ತರ. ನೀವ್ ಛತ್ರಿ ತಗೊಂಡ್ ಅತ್ತಾಗ ನಿಂದರ್ರಿ. ಮರ ನಿಮ್ಮನ್ ನೋಡಿ ಇತ್ತಾಗಾ ಬಂದೀತು.”

“ನನ್ನ ನೋಡಿ ಹುಡುಗ್ರಾ ಓಡ್ತಿದ್ವು, ಮರ ಬರ್ತದೇನು?” ಅಂದು ಮಾಸ್ತರರು ಆಚೆ ಹೋದರು.

ಅಣ್ಣ ಮರ ಅಳೆಯುತ್ತಿದ್ದ ರೀತಿ ನಮ್ಮ ಭಾಗದ ಕೊಡಲಿಯವರೆಲ್ಲರ ರೀತಿ. ಹೆಗಲ ಮೇಲಿನ ಉದ್ದ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಕಾಂಡಕ್ಕೆ ಸುತ್ತುವುದು, ತುದಿ ಬಂದು ಮುಟ್ಟಿದ ಕಡೆ ಗುರುತಿಗೆ ಗಂಟು ಹಾಕುವುದು, ಮರದಿಂದ ತೆಗೆದು ಆ ಉದ್ದವನ್ನು ಮೂರು ಮಡಿಕೆ ಮಾಡುವುದು. ಒಂದು ಮಡಿಕೆ ಮರದ ಅಗಲ. ಅದರ ಅರ್ಧವನ್ನು ಬ್ಲೇಡಿನ ಮೇಲಿಟ್ಟು ನೋಡುವುದು. ಬ್ಲೇಡು ಅರ್ಧ ಮರ ಮುಟ್ಟಿದರೆ ಎರಡೂ ಕಡೆಯಿಂದ ಕೊಯ್ದು ಮರ ಉರುಳಿಸಬಹುದು. ಮರ ಬೀಳುವವರೆಗೆ ವಲ್ಲಿಯ ಗಂಟು ಬಿಚ್ಚುವಂತಿಲ್ಲ. ಯಾಕೆಂದು ಕೇಳಿದರೆ ಯಾರೂ ಕಾರಣ ಹೇಳುವುದಿಲ್ಲ.

ಮಾಸ್ತರರ ಬೇವಿಗೆ ಅರ್ಧ ಮಡಿಕೆ ಬ್ಲೇಡಿನ ತುದಿಗೆ ಸರಿಯಾಗಿ ಬಂತು. ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ.

“ಬರೋಬ್ಬರಿ ಅದ,” ಅಂದ ಅಣ್ಣ.

ಅವನು ಅಳೆದದ್ದು ಬ್ಲೇಡಿನ ಬುಡದಿಂದ. ಸಣ್ಣ ಪಂಜಾ ಇದ್ದಾಗ ಬುಡದಿಂದಲೇ ಅಳೆಯುತ್ತಿದ್ದ, ಅದರಿಂದ ಎಂದೂ ತಪ್ಪಾಗಿರಲಿಲ್ಲ. ಹಸಿ ಜಾಲಿಯಲ್ಲಿ ದೊಡ್ಡ ಪಂಜಾ ಇದ್ದಾಗಲೂ ತಪ್ಪಾಗಲಿಲ್ಲ, ಯಾಕೆಂದರೆ ಹಲ್ಲು ಪೂರಾ ಮುಳುಗುತ್ತಿದ್ದವು. ಒಣಗಿದ ಬೇವು ಕಲ್ಲಿನ ಹಾಗೆ. ಹಲ್ಲಿನ ತುದಿ ಮಾತ್ರ ಕಚ್ಚಿತು. ಇಂಜಿನ್ನಿನ ಮೂತಿಗೂ ಮರಕ್ಕೂ ನಡುವೆ ಎರಡು ಬೆರಳು ಜಾಗ ಉಳಿಯಿತು. ಅಂದರೆ ಬ್ಲೇಡಿನ ತುದಿ ಮರದ ನಟ್ಟನಡುವಿಗಿಂತ ಎರಡು ಬೆರಳು ಹಿಂದೆಯೇ ನಿಂತಿತು. ಆಚೆ ಕಡೆಯಿಂದ ಕೊಯ್ದಾಗಲೂ ಎರಡು ಬೆರಳು. ನಡುವೆ ನಾಲ್ಕು ಬೆರಳು ದಪ್ಪದ ತಿರುಳು ಕೊಯ್ಯದೆ ಉಳಿಯಿತು. ಹೊರಗಿನಿಂದ ಅದು ಕಾಣುವುದಿಲ್ಲ.

ಆ ಎರಡು ಬೆರಳಿನ ಜಾಗವನ್ನು ನಾನು ನೋಡಿದೆ. ಮಷೀನಿಗೂ ಮರಕ್ಕೂ ನಡುವೆ ಆಚೆಯ ಬಿಸಿಲು ಕಾಣುತ್ತಿತ್ತು. ಇದರ ಅರ್ಥ ಏನು ಎಂದು ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಎಂದೇ ನನ್ನ ನೆನಪು. ಸಣ್ಣ ಪಂಜಾ ಚೀಲದಲ್ಲೇ ಇತ್ತು. ಎರಡು ಬೋಲ್ಟು ಬಿಚ್ಚಿ ಹಾಕಲು ಹೆಚ್ಚೆಂದರೆ ಹತ್ತು ನಿಮಿಷ. ನಾನು ಏನೂ ಹೇಳಲಿಲ್ಲ.

ಎರಡೂ ಕಡೆ ಕೊಯ್ದು ಮುಗಿದರೂ ಮರ ಅಲುಗಲಿಲ್ಲ. ಅಣ್ಣ ಮಷೀನು ಬಂದ್ ಮಾಡಿ, ಕೊಯ್ದ ಸಂದಿಗೆ ಕಟ್ಟಿಗೆಯ ಬೆಣೆ ಇಟ್ಟು ಸುತ್ತಿಗೆಯಿಂದ ಹೊಡೆದ. ಮೂರನೆಯ ಏಟಿಗೋ ನಾಲ್ಕನೆಯ ಏಟಿಗೋ ಒಳಗೆ ಏನೋ ಸೀಳಿದ ಸದ್ದಾಯಿತು. ಮರ ಹೊಲಗಾಲುವೆಯ ಕಡೆ ಬಾಗಿತು, ನಡುವಿನ ತಿರುಳು ಹಿಡಿದುಕೊಂಡಿದ್ದರಿಂದ ಅಲ್ಲೇ ತಿರುಚಿತು, ಬುಡ ನೆಲದಲ್ಲುಳಿದ ಮೋಟಿನಿಂದ ಜಾರಿ ಪಕ್ಕಕ್ಕೆ ಬಂತು. ಅಣ್ಣ ಹಿಂದಕ್ಕೆ ಹಾರಿದ. ಎಡಗಾಲು ಎರೆಮಣ್ಣಿನಲ್ಲಿ ಹೂತಿತ್ತು, ಬರಲಿಲ್ಲ.

ಅವನು ಕೂಗಲಿಲ್ಲ. “ತಮ್ಮಾ, ಕಾಲು,” ಅಂದ. ಚಪ್ಪಲಿ ಎಲ್ಲಿದೆ ಎಂದು ಹೇಳುವ ಧ್ವನಿಯಲ್ಲಿ. ನಾನು ಮೋಟನ್ನು ನೋಡುತ್ತಿದ್ದೆ. ನಟ್ಟನಡುವೆ ನಾಲ್ಕು ಬೆರಳು ಅಗಲದ, ಸೀಳಿ ನಿಂತ ತಿರುಳು. ಸುತ್ತಲೂ ನುಣ್ಣಗೆ ಕೊಯ್ದ ಮರ. ನನಗೆ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ. ಲೆಕ್ಕ ಸರಿಯಾಗಿದೆ ಅನ್ನಿಸಿತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆದರೆ ಆ ದಿನದ ನೆನಪಿನಲ್ಲಿ ನಾನು ಯಾವತ್ತೂ ಅನುಮಾನಿಸದ ಸಂಗತಿ ಇದೊಂದೇ.

ಮಾಸ್ತರರು ಛತ್ರಿ ಬಿಸಾಡಿ ಓಡಿಬಂದರು. ಅವರೇ ಅಣ್ಣನ ವಲ್ಲಿ ತೆಗೆದು ಪಾದಕ್ಕೆ ಬಿಗಿದರು. ಅಳತೆಯ ಗಂಟು ಅದರಲ್ಲಿ ಹಾಗೇ ಇತ್ತು. ಗೋಗಿಯ ಕಡೆಯಿಂದ ಬಂದ ಶೇರ್ ಆಟೋದಲ್ಲಿದ್ದವರೆಲ್ಲ ಕೇಳುವ ಮೊದಲೇ ಇಳಿದು ಜಾಗ ಕೊಟ್ಟರು. ಶಹಾಪುರದಲ್ಲಿ ಆಗುವುದಿಲ್ಲ ಅಂದರು. ಕಲಬುರಗಿಗೆ ಹೋದೆವು. ಅಲ್ಲಿ ವಲ್ಲಿಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಐದೂ ಬೆರಳು, ಅದರ ಹಿಂದೆ ಸ್ವಲ್ಪ ಪಾದ ಹೋಯಿತು. ಅತ್ತಿಗೆ ವಾರ್ಡಿನ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. “ಕೈ ಉಳಿಸಾಕ ಹೋಗಿ ಕಾಲ್ ಕೊಟ್ಟು ಬಂದಾನ,” ಅಂದಳು. ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ನಾನೊಬ್ಬನೇ ಅಲ್ಲಿದ್ದೆ.

ಅಣ್ಣ ಮತ್ತೆ ಮರ ಕಡಿಯಲಿಲ್ಲ. ಮನೆಯಲ್ಲೇ ಕೂತು ಬೇರೆಯವರ ಮಷೀನಿನ ಚೈನಿಗೆ ಸಾಣೆ ಹಿಡಿಯುತ್ತಾನೆ. ಸುರಪುರದಿಂದಲೂ ತರುತ್ತಾರೆ. ನಾನು ಮೂರು ಕಾಲೇಜುಗಳಲ್ಲಿ ಪಾಠ ಮಾಡಿದೆ, ಎಲ್ಲಿಯೂ ಎರಡು ವರ್ಷ ನಿಲ್ಲಲಿಲ್ಲ. ರಜೆಗೆ ಬಂದಾಗ ಒಂದೆರಡು ಸಲ ಪಂಜಾದ ಮಾತು ತೆಗೆದೆ. ಪ್ರತಿಸಲ ಅಣ್ಣ ಅದೇ ಮಾತು ಹೇಳಿದ. ಸುರಪುರ, ಒಬ್ಬನೇ ಹೋಗಿದ್ದೆ, ನೀ ಇರಲಿಲ್ಲ.

ಅವನು ನನ್ನನ್ನು ಉಳಿಸಲು ಹೀಗೆ ಹೇಳುತ್ತಿದ್ದಾನೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಇನ್ನೊಂದು ವಿಚಾರ ಬಂತು, ಅದು ಹೋಗುತ್ತಲೇ ಇಲ್ಲ. ಪಂಜಾ ಆರಿಸಿದವನು ನಾನಾಗಿದ್ದರೆ ಆವತ್ತು ನಾನು ಸುಮ್ಮನಿದ್ದುದಕ್ಕೆ ಒಂದು ಕಾರಣವಿದೆ. ರಟ್ಟಿನ ಮೇಲೆ ಗೆರೆ ಎಳೆದು ತೋರಿಸಿದವನು, ಮಾಸ್ತರರ ಮುಂದೆ, ಇದು ತಪ್ಪು, ಬಿಚ್ಚು ಎನ್ನಲು ನಾಚಿಕೊಂಡ. ಕೆಟ್ಟ ಕಾರಣ, ಆದರೂ ಕಾರಣ. ನಾನು ಆರಿಸದೆ ಇದ್ದರೆ? ಆಗ ನನ್ನ ಮೌನಕ್ಕೆ ಅದೂ ಇಲ್ಲ. ಬಿಸಿಲಿನಲ್ಲಿ ನಿಂತು, ನೋಡಿ, ಸುಮ್ಮನಿದ್ದೆ, ಅಷ್ಟೆ. ಆ ಅಂಗಡಿ, ಉರ್ದು ಪೇಪರು, ಎಣ್ಣೆಯ ಕಲೆ ಎಲ್ಲವನ್ನೂ ನಾನು ಆಮೇಲೆ ಕಟ್ಟಿಕೊಂಡಿರಬಹುದು. ಆ ಓಣಿಯಲ್ಲಿ ಅಂಥ ಅಂಗಡಿ ಇದೆ. ಅಲ್ಲಿಗೆ ಪೈಪಿಗಾಗಿ, ಸ್ಪ್ರೇಯರಿಗಾಗಿ ಹತ್ತು ಸಲ ಹೋಗಿದ್ದೇನೆ. ಕಲೆ ಯಾವ ದಿನದ್ದಾದರೂ ಆಗಿರಬಹುದು.

ಹೋದ ವರ್ಷ ಬಂದಾಗ ಕಾಲುವೆಗೆ ನೀರು ಬಿಟ್ಟಿದ್ದರು. ಹೊಲದ ಕಡೆ ಹೋಗಿಬಂದೆ. ಬೆಳಗಿನ ಹೊತ್ತು, ಅಣ್ಣ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತು ಯಾರದೋ ಚೈನಿಗೆ ಕಾನಸು ಹಾಕುತ್ತಿದ್ದ. ಪ್ರತಿ ಹಲ್ಲಿಗೂ ಮೂರು ಸಲ ತಿಕ್ಕಿ, ಹೆಬ್ಬೆರಳಿನಿಂದಲ್ಲ, ತುಟಿಗೆ ಮುಟ್ಟಿಸಿ ಚೂಪು ನೋಡುತ್ತಿದ್ದ. ಬೆರಳಿಗೆ ಈಗಲೂ ತಿಳಿಯುವುದಿಲ್ಲ. ನಾನು ಕೆಸರುಗಾಲಿನಲ್ಲಿ ಅವನ ಮುಂದೆ ನಿಂತು ಹೇಳಿಬಿಟ್ಟೆ.

“ಅಣ್ಣ, ಪಂಜಾ ಯಾರ್ ತಂದ್ರು ಅನ್ನೋದು ಬಿಡು. ಆವತ್ತ ಮರಕ್ಕೂ ಮಷೀನಿಗೂ ನಡಕ ಎರಡ್ ಬೆರಳ್ ಜಾಗ ಇತ್ತು. ನಾ ನೋಡಿದ್ದೆ. ನಿನಗ ಹೇಳಲಿಲ್ಲ.”

ಅಣ್ಣ ಚೈನಿನ ಮುಂದಿನ ಹಲ್ಲು ಹಿಡಿದ. ಮೂರು ಸಲ ತಿಕ್ಕಿದ.

“ನಾನೂ ನೋಡಿದ್ದೆ,” ಅಂದ.

“ಮತ್ತ?”

“ಮತ್ತೇನು? ಮಧ್ಯಾಹ್ನ ನೀರ್ ಬಿಡೋರಿದ್ರು. ಬಿಚ್ಚಿ ಹಾಕೋದು ಯಾವಾಗ? ಬೆಣಿ ಹೊಡದ್ರ ಬರ್ತದ ಅಂತ ತಿಳ್ಕೊಂಡೆ.”

“ಖರೇ ನೋಡಿದ್ದೇನು?”

“ಮಷೀನ್ ಹಿಡಿದಾಂವ ನಾನೋ ನೀನೋ? ನಿನಗ ಕಂಡಿದ್ದು ನನಗ ಕಾಣಂಗಿಲ್ಲೇನು?” ಅವನು ಚೈನನ್ನು ತುಟಿಗೆ ಮುಟ್ಟಿಸಿದ. “ಇಷ್ಟ್ ವರ್ಷ ಇದನ್ ಹೊತ್ಕೊಂಡ್ ತಿರಗಾಕತ್ತೀಯೇನು? ಅದಕ್ಕಾ ಎಲ್ಲೂ ಒಂದ್ ಕಡಿ ನಿಂದ್ರವಲ್ಲಿ.”

ಇದನ್ನು ಕೇಳಿದರೆ ಮನಸ್ಸು ಹಗುರಾಗಬೇಕಿತ್ತು. ಹಾಗೇನೂ ಆಗಲಿಲ್ಲ. ಅವನು ನಿಜವಾಗಿ ನೋಡಿದ್ದನೋ, ಸುರಪುರದ ಹಾಗೆ ಇದನ್ನೂ ನನಗಾಗಿ ಹೇಳಿದನೋ ತಿಳಿಯಲಿಲ್ಲ. ಕೇಳಿದರೆ ಇನ್ನೊಂದು ಉತ್ತರ ಕೊಡುತ್ತಾನೆ, ಅದನ್ನೂ ನಾನು ತೂಗಿ ನೋಡುತ್ತೇನೆ. ಅವನ ಎಡಗಾಲಿನ ಚಪ್ಪಲಿಯ ಮುಂದಿನ ಖಾಲಿ ಜಾಗದಲ್ಲಿ ಅತ್ತಿಗೆ ಬಟ್ಟೆಯ ಉಂಡೆ ತುಂಬಿ ಹೊಲಿದಿದ್ದಳು. ಬಟ್ಟೆ ಮಾಸಿತ್ತು. ಅದನ್ನೇ ನೋಡುತ್ತ ನಿಂತೆ.

ಒಳಗಿನಿಂದ ಅತ್ತಿಗೆ ಕೂಗಿದಳು. “ಚಾ ಆರಾಕತ್ತದ, ಇಬ್ರೂ ಬರ್ರಿ. ತಮ್ಮಾ, ಕೆಸರ್ ತಿಕ್ಕಿ ಬಾ ಮತ್ತ, ಈಗ ಸಾರಿಸೀನಿ.”

ಅಣ್ಣ ಗೋಡೆ ಹಿಡಿದು ಎದ್ದ. ಎಡಚಪ್ಪಲಿಯನ್ನು ಪಂಜಾದ ಹಲ್ಲಿಗೆ ಎರಡು ಸಲ ತಿಕ್ಕಿ ಒಳಗೆ ಹೋದ. ಅವನು ಅಂಗಳ ದಾಟಿರಲಿಲ್ಲ, ಅವನ ಚಪ್ಪಲಿಗೆ ಕೆಸರಿರಲಿಲ್ಲ. ರೂಢಿಯಿಂದ ತಿಕ್ಕಿದ್ದ. ನಾನು ಬಲಗಾಲು ತಿಕ್ಕಿದೆ, ಎಡಗಾಲು ತಿಕ್ಕಿದೆ. ಐದೂ ಹಲ್ಲಿನ ತುದಿ ಸವೆದು ಮೊಂಡಾಗಿವೆ. ಸಿಮೆಂಟಿನ ಮೇಲೆ ಈಗ ಅವು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ಉದ್ದ, ಹೆಚ್ಚುಕಡಿಮೆ ಆ ಸಣ್ಣ ಪಂಜಾದ ಹಲ್ಲಿನಷ್ಟು.